ಒಂದೊಂದೇ ಎಳೆ

ಗುಬ್ಬಿಯಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಪುಟ್ಟತಾಯಮ್ಮನವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಮುಂದೆ ಕೂತಿದ್ದ ಇಬ್ಬರು ಗೆಳತಿಯರ ಮಾತು ಬೇಡವೆಂದರೂ ಅವರ ಕಿವಿಗೆ ಬೀಳುತ್ತಿತ್ತು.

"ಸ್ಟ್ರೈಟ್ನರ್ ಇರೋದು ಕೂದ್ಲು ನೆಟ್ಟಗೆ ಮಾಡಕ್ಕಲ್ವೇನೇ ಶಶಿ? ಅದ್ರಲ್ಲಿ ಸುರುಳಿ ಹೆಂಗೆ ಮಾಡ್ತೀಯ?"

"ಸಣ್ಣ ಎಳೆ ತಗೊಂಡು, ಒಂದು ಸುತ್ತು ತಿರುಗ್ಸಿ ಮೆಲ್ಲಗೆ ಎಳೀಬೇಕು ಕಣೇ ಶಿಲ್ಪಾ. ನನ್ ತಲೆ ಮೇಲೇ ಕಲ್ತೆ. ಮಗ್ಳದೂ ನನ್ನಂಗೇ ದಪ್ಪ ಕೂದ್ಲು, ಕೆದರ್ಕೊಂಡೇ ಇರುತ್ತೆ."

"ಡಿವೋರ್ಸ್ ಆದಾಗ್ಲಿಂದ ಅವ್ರಪ್ಪ ಮಗೂನ ನೋಡಕ್ಕೇ ಬುಡ್ತಿರ್ಲಿಲ್ಲ ಅಲ್ವಾ?"

"ಇವತ್ತು ಸ್ಕೂಲ್ ಡೇ. 'ಅಮ್ಮನೇ ಸುರುಳಿ ಮಾಡ್ಬೇಕು, ಇಲ್ದಿದ್ರೆ ಡ್ಯಾನ್ಸ್ ಮಾಡಲ್ಲ' ಅಂತ ಹಟ ಹಿಡಿದವ್ಳೆ. ಅದಕ್ಕೇ ಶೆಟ್ಟಿಹಳ್ಳಿ ಮನೆಗೆ ಬಾ ಅಂತ ಫೋನ್ ಮಾಡ್ದ."

"ಅಂಥ ಕೂದ್ಲಿಗೆ ತುಂಬ ಹೊತ್ತು ಹಿಡಿಯುತ್ತಲ್ಲೇ. ದಪ್ಪ ದಪ್ಪ ಎಳೆ ತಗೊಂಡು ಬೇಗ ಮುಗಿಸ್ಬುಡು."

ಶಶಿ ಮಡಿಲಲ್ಲಿದ್ದ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬೇಗ ಯಾಕೆ ಮುಗಿಸ್ಲಿ? ಮುಗಿಯೋವರ್ಗೂ ಅವ್ಳು ನನ್ ಮುಂದೇನೇ ಕೂತಿರ್ತಾಳೆ."

ಪುಟ್ಟತಾಯಮ್ಮನವರು ಕಿಟಕಿಯಾಚೆ ನೋಡತೊಡಗಿದರು.

ತುಮಕೂರು ಬಂತು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಶಶಿ ಬಾಗಿಲ ಬಳಿ ಇದ್ದಳು. ಶೆಟ್ಟಿಹಳ್ಳಿ ಎಂದು ಕೂಗುತ್ತಿದ್ದ ಆಟೋದವನತ್ತ ಅವಳು ಓಡಿದಳು. ಶಿಲ್ಪಾ ಹಿಂದೆಯೇ ಓಡಿದಳು.