ಎರಡನೇ ಕೂಗು

ಹೊಸ ಗುರುತಿನ ಚೀಟಿ ಕೊಡುವ ಕಚೇರಿಯಲ್ಲಿ ನನ್ನ ಪಕ್ಕ ಒಬ್ಬರು ಅಜ್ಜಿ, ಅವರ ಮಗಳು ಕೂತಿದ್ದರು. ಗುಮಾಸ್ತ ಒಳಕೋಣೆಯ ಬಾಗಿಲಲ್ಲಿ ನಿಂತು ಪಟ್ಟಿ ನೋಡಿ ಒಂದು ಹೆಸರು ಕೂಗಿದ.

"ಅಮ್ಮಾ, ನಿನ್ನನ್ನೇ ಕರೀತಿರೋದು. ಏಳು."

"ಕೇಳಿಸ್ತು. ಸುಮ್ನೆ ಕೂತ್ಕೋ. ಮೊದಲನೇ ಕೂಗಿಗೇ ಏಳಬಾರದು ಅಂತ ಎಷ್ಟು ಸಲ ಹೇಳಿಲ್ಲ ನಿನಗೆ?"

"ನೀನು ಹೇಳಿ ಹೇಳಿಯೇ ನಾನು ಶಾಲೆಲಿ ಹಾಜರಿ ಕೂಗಿದಾಗ ಬಾಯಿ ಬಿಡದೆ ಏಟು ತಿಂದೆ. ಒಳಗೆ ಬರೀ ಫೋಟೋ ತೆಗೀತಾರಮ್ಮ."

"ನಮ್ಮಪ್ಪಂಗೂ ಬರೀ ಸಹಿ ಅಂದಿದ್ರು. ಶಾಲೆ ಮೈದಾನದಲ್ಲಿ ಪಟ್ಟಿ ಓದಿದ್ರು. ಈಗ ಬಂದೆ ಅಂತ ಕನ್ನಡಕ ನನ್ನ ಕೈಲಿ ಕೊಟ್ಟು ಎದ್ದು ಹೋದ. ಮೊದಲನೇ ಕೂಗಿಗೆ ಎದ್ದವರು ಯಾರೂ ವಾಪಸ್ ಬರಲಿಲ್ಲ."

"ಅರವತ್ತು ವರ್ಷ ಆಯ್ತು. ಆ ಸರ್ಕಾರವೇ ಇಲ್ಲ ಈಗ."

"ಪಟ್ಟಿ ಇದೆಯಲ್ಲ."

ಗುಮಾಸ್ತ ಮತ್ತೆ ಕೂಗಿದ.

"ಇದೇ ಕೊನೇ ಕೂಗು, ಗೋಡೆ ಮೇಲೆ ಬರೆದಿದೆ ನೋಡು. ಚೀಟಿ ಇಲ್ದಿದ್ರೆ ಆಸ್ಪತ್ರೆಲಿ ನಿನ್ನ ಸೇರಿಸ್ಕೊಳ್ಳಲ್ಲ. ನಿನ್ನ ದಮ್ಮಯ್ಯ, ಏಳು."

"ಆಯ್ತು. ನೀನು ಇಲ್ಲೇ ಇರು. ಇಬ್ಬರೂ ಹೋಗೋದು ಬೇಡ. ಇದನ್ನ ಇಟ್ಕೋ."

"ಕನ್ನಡಕ ಯಾಕೆ ತೆಗೆದೆ? ಅಮ್ಮಾ, ನಿಲ್ಲು. ನಾನೂ ಬಂದೆ."

ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ, ಅವರಿನ್ನೂ ಹೊರಗೆ ಬರುವ ಮೊದಲೇ, ಗುಮಾಸ್ತ ಬಾಗಿಲು ತೆರೆದು ಮುಂದಿನ ಹೆಸರು ಕೂಗಿದ. ಅದು ನನ್ನದು, ಸ್ಪಷ್ಟವಾಗಿಯೇ ಕೇಳಿಸಿತು.

ನಾನು ಎರಡನೇ ಕೂಗಿಗೆ ಕಾದೆ.