ಸೇತುವೆ ಹತ್ತಿರ ಬಿಟ್ಟ ಜೀಪು

ಕುಂದಾಪುರದ ಆಸ್ಪತ್ರೆಯಲ್ಲಿ ಮದ್ದಿನ ಸಾಲಿಗೆ ನಿಂತಿದ್ದ ವಿನಯಾಳ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಬೀಟ್ ಪೊಲೀಸನೊಬ್ಬ, ಮೀನು ಮಾರುವ ಹೆಂಗಸೊಬ್ಬಳು.

“ಊರ ಸಭೆಲಿ ನಾನ್ ಹೇಳ್ದಂಗೆ, ಗಂಡ್ ಮಕ್ಕಳ ಜಗಳ ಏರಿದ್ ಕೂಡ್ಲೇ ಫೋನ್ ಮಾಡಿದ್ರಿ ಜಲಜಕ್ಕ. ನಿಮ್ ತಪ್ಪ್ ಎಂತದೂ ಇಲ್ಲ.”

“ಜೀಪ್ ತರ್ಬೇಡಿ, ನಡ್ಕಂಡ್ ಬನ್ನಿ ಅಂದದ್ದೂ ನಾನೇ ಅಲ್ದಾ?”

“ನಿಮ್ ಮಗ್ಳನ್ನ ಕಾಂಬುಕೆ ಗಂಡಿನ ಕಡೆಯರ್ ಬಪ್ಪ ದಿನ ಅದ್.”

“ಬಾಗ್ಲಿಗೆ ಪೊಲೀಸ್ ಜೀಪ್ ಬಂದ್ರೆ ಸಂಬಂಧ ತಪ್ಪಿ ಹೋತ್ತ್ ಅಂದೇಳಿ ಹೆದ್ರಿದೆ.”

“ಸೇತುವೆ ಹತ್ರ ಜೀಪ್ ಬಿಟ್ಟ್ ಓಡ್ಕಂಡೇ ಬಂದೆ, ಅಕ್ಕ.”

“ಕಂಡೆ. ಗದ್ದೆ ಅಂಚಲ್ಲಿ ನೀವ್ ಓಡಿ ಬಪ್ಪುದ್ ಕಂಡೆ. ಅಷ್ಟೊತ್ತಿಗೆ ದೊಡ್ಡವ ತಮ್ಮ ರತನ್ ಮೇಲೆ ಕತ್ತಿ ಬೀಸಿ ಆಯಿತ್ತ್.”

ಸಾಲು ಮುಂದೆ ಹೋಯಿತು. ವಿನಯಾ ನಿಂತಲ್ಲೇ ನಿಂತಳು.

ಒಳಗಿನಿಂದ ಯಾರೋ ರತನ್ ಕಡೆಯವರನ್ನು ಕರೆದರು. ಪೊಲೀಸ ಎದ್ದ.

“ಹೆಣ ಆಂಬುಲೆನ್ಸಲ್ಲಿ ಬತ್ತ್. ನಿಮ್ಗೆ ರಿಕ್ಷಾ ಕರಿಲಾ ಅಕ್ಕ?”

ಜಲಜ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಹಿಂದೆ ಹೊರಟಳು.

“ಬ್ಯಾಡ, ನಿಮ್ ಜೀಪಲ್ಲೇ ಹೋಪ. ಇವತ್ತ್ ಸೇತುವೆ ಹತ್ರ ನಿಲ್ಸ್‌ಬೇಡಿ. ಬಾಗ್ಲ್ ವರಿಗೂ ಬರ್ಲಿ.”