ರಕ್ತ ಬೇಕಾದಷ್ಟು ಉಂಟು

ಸಭೆಯ ಅಧ್ಯಕ್ಷರೇ, ಹಲ್ಲಿನ ಡಾಕ್ಟರ್ ಆಗ್ನೆಸ್ ಮೇಡಂ ಅವರೇ, ಬೆಂಗ್ರೆಯ ಸಭಿಕರೇ,

ಹಲ್ಲಿನ ಶಿಬಿರದ ಸಮಾರೋಪದಲ್ಲಿ ಊರಿನ ಪರವಾಗಿ ವಂದನೆ ಹೇಳಬೇಕು, ಅದೂ ಬರೆದುಕೊಂಡೇ ಬರಬೇಕು ಎಂದು ಚಿತ್ತರಂಜನ ಮಾಸ್ತರರು ಪಟ್ಟು ಹಿಡಿದರು. "ಅದ್ದು ಬ್ಯಾರಿಗಳೇ, ನೀವು ಬಾಯಿಬಿಟ್ಟರೆ ಜಗಳ ಆಗ್ತದೆ. ಕಾಗದ ನೋಡಿ ಓದಿ." ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಲೆ ಹಿಡಿದವನಿಗೆ ಇದು ಶಿಕ್ಷೆಯಲ್ಲದೆ ಇನ್ನೇನು? ಬರೆದಿದ್ದೇನೆ. ಕೂತು ಕೇಳಿ.

ಮೇಡಂ, ನಮ್ಮವರ ಹಲ್ಲು ನೋಡಿದ್ದೀರಿ, ವಂದನೆ. ಬೀಡಾ ಜಗಿಯುವ ಗಂಡಸರಿಗೆ ಬೈದಿದ್ದೀರಿ, ಅದಕ್ಕೆ ಇನ್ನೊಂದು ವಂದನೆ. ಆದರೆ ನನ್ನ ಮೊಮ್ಮಗಳು ಹಸ್ನಾಳ ದವಡೆ ಹಲ್ಲು ಇನ್ನೂ ಅಲ್ಲೇ ಉಂಟು.

ಹಸ್ನಾಳಿಗೆ ಹತ್ತು ವರ್ಷ. ಅವಳ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಕಾಯಿಲೆಗೆ ಉದ್ದದ ಹೆಸರುಂಟು, ನನ್ನ ನಾಲಿಗೆ ತಿರುಗುವುದಿಲ್ಲ. ಹಿಂದೊಮ್ಮೆ ಹಾಲುಹಲ್ಲು ಬಿದ್ದು ರಕ್ತ ನಿಲ್ಲದೆ ಹೋದಾಗ, ಹೊಳೆ ದಾಟುವ ಫೆರಿಯಲ್ಲಿ ನನ್ನ ಹೆಗಲ ಬೈರಾಸನ್ನು ಅವಳ ಬಾಯಿಗೆ ಒತ್ತಿ ಹಿಡಿದು ಪೇಟೆಯ ಆಸ್ಪತ್ರೆಗೆ ಓಡಿದೆವು. ಆಗ ಗೊತ್ತಾದದ್ದು. ಅಂದಿನಿಂದ ನನ್ನ ಹೆಂಡತಿ ಸಾರಮ್ಮ ಮಗುವಿಗೆ ಬ್ರಷ್ ಮುಟ್ಟಗೊಡಲಿಲ್ಲ, ಉಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತದೆಂದು. ಉಜ್ಜದ ಹಲ್ಲು ಹುಳುಕಾಯಿತು. ಈಗ ಕೀಳಬೇಕು.

ಶಿಬಿರದ ಮೊದಲ ದಿನ, ಮೇಡಂ ಜೊತೆ ಬಂದ, ಡಾಕ್ಟರಿಕೆ ಕಲಿಯುವ ಹುಡುಗಿಯೊಬ್ಬಳು ಕೇಳಿದಳು, "ಅಜ್ಜಿ, ಮಗುವಿಗೆ ರಕ್ತದ ತೊಂದರೆ ಉಂಟಾ?" ನಮ್ಮಲ್ಲಿ ರಕ್ತದ ತೊಂದರೆ ಎಂದರೆ ರಕ್ತ ಕಡಿಮೆ ಎಂದೇ ಅರ್ಥ. ಸಾರಮ್ಮನಿಗೆ ಸಿಟ್ಟು ಬಂತು. "ಎಂತ ತೊಂದರೆ ಮಾರಾಯ್ತಿ? ದಿನಾ ಮೀನು ತಿನ್ನುವ ಮಗು. ರಕ್ತ ಬೇಕಾದಷ್ಟು ಉಂಟು."

ನಗಬೇಡಿ. ಹುಡುಗಿ ಸೂಜಿ ಎತ್ತಿಯಾಗಿತ್ತು. ಮೇಡಂ ಹಸ್ನಾಳ ಮೊಣಕೈಯ ನೀಲಿ ಕಲೆಗಳನ್ನು ನೋಡಿ "ನಿಲ್ಲು" ಎನ್ನದಿದ್ದರೆ ಇವತ್ತು ನಾನು ಎಲ್ಲಿರುತ್ತಿದ್ದೆ?

ಆಮೇಲೆ ಎಂತ ಆಯಿತು? ಪೇಟೆ ಆಸ್ಪತ್ರೆಯ ರಕ್ತದ ಡಾಕ್ಟರು ಮೊದಲು ರಕ್ತ ಹೆಪ್ಪುಗಟ್ಟುವ ಮದ್ದು ಕೊಡಬೇಕು ಎಂದರು ಮೇಡಂ. ಹಲ್ಲಿನವರು ಮೊದಲು ದಿನ ಹೇಳಲಿ, ಮದ್ದು ಕೊಡುವುದು ಕೀಳುವ ದಿನವೇ ಎಂದರು ರಕ್ತದ ಡಾಕ್ಟರು. ಇಬ್ಬರೂ ಸರಿ. ಇಬ್ಬರ ನಡುವೆ ಹೊಳೆ ದಾಟುತ್ತಾ ಇರುವವನು ನಾನು. ನಿಮ್ಮಲ್ಲಿ ಫೋನ್ ಇಲ್ಲವೇ? ಮಗುವಿನ ಕೆನ್ನೆ ಊದಿದೆ.

ಮೇಡಂ ಕೊಟ್ಟ ಮೆತ್ತಗಿನ ಬ್ರಷ್ಷಿನಲ್ಲಿ ಅವಳು ಈಗ ನನ್ನ ಎದುರೇ ಹಲ್ಲುಜ್ಜುತ್ತಾಳೆ. ಉಗುಳಿದ ನೀರು ಕೆಂಪಾದರೆ, "ಅಜ್ಜ, ಹೆದರ್ಬೇಡಿ" ಎನ್ನುತ್ತಾಳೆ. ಹೆದರುವವನಾ ನಾನು? ಅವಳ ತಲೆದಿಂಬಿಗೆ ಸಾರಮ್ಮ ಕೆಂಪು ಬಟ್ಟೆ ಹಾಕಿದ್ದಳು, ಕಲೆ ಕಾಣಬಾರದೆಂದು. ನಾನು ಬಿಳಿ ಹಾಕಿಸಿದೆ. ನನಗೆ ಕಾಣಬೇಕು. ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ, ಆಮೇಲೆ ಅವಳ ಮುಖವನ್ನು. ಇದು ಸಭೆಯಲ್ಲಿ ಓದುವ ವಿಷಯವಲ್ಲ. ಬರೆಯಿರಿ ಎಂದದ್ದು ನೀವು ಮಾಸ್ತರರೇ, ತಪ್ಪು ನಿಮ್ಮದು.

ಕೊನೆಗೆ ನನಗೆ ಶಾಲು ಹೊದಿಸುತ್ತಾರಂತೆ. ಶಾಲು ಬೇಡ. ಇಬ್ಬರು ಡಾಕ್ಟರೂ ಮಾತಾಡಿಕೊಂಡು, ಹಲ್ಲು ಯಾವ ದಿನ ಕೀಳುತ್ತೀರಿ ಎಂದು ಈ ತಿಂಗಳ ಹದಿನೆಂಟನೇ ತಾರೀಖಿನೊಳಗೆ ನನಗೆ ಹೇಳಬೇಕು.

ಬಂದವರಿಗೆಲ್ಲ ವಂದನೆ. ನಮಸ್ಕಾರ. ಹದಿನೆಂಟು.